ಒಂಬತ್ತು ಸರಪಳಿ, ಒಂದಾಣೆ

ಆ ದಿನ ಮಧ್ಯಾಹ್ನ ಮಳೆ ಬರಲಿಲ್ಲ. ಬರಲಿ ಎಂದು ನಾನು ಬೆಳಿಗ್ಗೆ ಹತ್ತೂವರೆಯಿಂದಲೂ ಹರಕೆ ಹೊತ್ತವಳ ಹಾಗೆ ಒಳಗೊಳಗೇ ಕಾಯುತ್ತಿದ್ದೆ. ಇಟಲಿಯ ಡೊಲೊಮೈಟ್ ಬೆಟ್ಟಗಳಲ್ಲಿ ಜುಲೈ ತಿಂಗಳ ಮಧ್ಯಾಹ್ನಗಳನ್ನು ನಂಬಬಾರದೆನ್ನುತ್ತಾರೆ. ಬೆಳಗಿನ ಬಿಸಿಲಿಗೆ ಬಂಡೆಗಳು ಕಾಯುತ್ತವೆ, ಕಣಿವೆಯ ತೇವದ ಗಾಳಿ ಮೇಲೇರುತ್ತದೆ, ಹನ್ನೆರಡರ ಹೊತ್ತಿಗೆ ಹತ್ತಿಯುಂಡೆಯಂತೆ ಕಾಣಿಸಿಕೊಂಡ ಮೋಡ ಎರಡು ಗಂಟೆಗೆ ಕಪ್ಪಾಗಿ ಗುಡುಗತೊಡಗುತ್ತದೆ. ಅಂಥದೊಂದು ಮಳೆ ಬಂದಿದ್ದರೆ, ಪತೆರ್ನೊ ಶಿಖರದ ತುದಿಗೆ ಸುಮಾರು ಅರ್ಧ ಗಂಟೆಯ ಏರು ಉಳಿದಿರುವಾಗ ಮಗಳನ್ನು ಕರೆದುಕೊಂಡು ಹಿಂದಿರುಗಿದ್ದಕ್ಕೆ ನನಗೊಂದು ಮರ್ಯಾದೆಯ ಕಾರಣ ಸಿಗುತ್ತಿತ್ತು. ಆದರೆ ಸಂಜೆಯವರೆಗೂ ಆಕಾಶ ತೊಳೆದಿಟ್ಟ ತಟ್ಟೆಯಂತೆ ಇತ್ತು.

ನಾವು ಆರು ಜನ ಹೋಗಿದ್ದೆವು. ಹನ್ನೊಂದು ವರ್ಷಗಳಿಂದ ಮ್ಯೂನಿಕ್‌ನಲ್ಲಿ ನೆಲೆಸಿರುವ ನಾನು ಮತ್ತು ನನ್ನ ಗಂಡ, ಹದಿಮೂರರ ಮಗಳು, ಎಂಟರ ಮಗ, ಇಲ್ಲಿಯ ಬೇಸಿಗೆ ಕಳೆಯಲೆಂದು ತಿಪಟೂರಿನಿಂದ ಬಂದಿದ್ದ ಅಪ್ಪ ಅಮ್ಮ. ಅಪ್ಪ ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದವರು. ಮೂವತ್ತೈದು ವರ್ಷ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹೊಲ, ತೋಟ, ಗೋಮಾಳಗಳಲ್ಲಿ ಸರಪಳಿ ಎಳೆಸಿ, ಬಾಂದುಕಲ್ಲು ಹುಡುಕಿ, ಟಿಪ್ಪಣಿ ಬರೆದು, ಹದ್ದುಬಸ್ತು ಮಾಡಿಕೊಟ್ಟವರು. ನಿವೃತ್ತರಾಗಿ ಹತ್ತು ವರ್ಷವಾದರೂ ಯಾವ ಜಾಗಕ್ಕೆ ಹೋದರೂ ಅದರ ಎಲ್ಲೆ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕುವ ಚಾಳಿ ಅವರನ್ನು ಬಿಟ್ಟಿಲ್ಲ. ಅಳತೆ ಎಷ್ಟೇ ಸರಿಯಾಗಿರಲಿ, ಬಾಜುದಾರರು, ಅಂದರೆ ಪಕ್ಕದ ಜಮೀನಿನವರು, ಸಹಿ ಹಾಕದೆ ಇದ್ದರೆ ಜಗಳ ಮುಗಿಯುವುದಿಲ್ಲ ಎನ್ನುವುದು ಅವರ ಇಡೀ ಸೇವೆಯ ಅನುಭವಸಾರ. ಆ ಮಾತನ್ನು ಅವರು ಮದುವೆಮನೆಗಳಲ್ಲಿಯೂ ಹೇಳುವುದುಂಟು.

ಮ್ಯೂನಿಕ್‌ನಿಂದ ಆಸ್ಟ್ರಿಯಾ ದಾಟಿ, ಬ್ರೆನ್ನರ್ ಕಣಿವೆದಾರಿಯ ಮೂಲಕ ಇಟಲಿಯೊಳಕ್ಕೆ ಇಳಿದರೆ ನಾಲ್ಕು ಗಂಟೆಯಲ್ಲಿ ದೊಬ್ಬಿಯಾಕೊ ಊರು. ಶಾಲೆಗಳಿಗೆ ರಜೆ ಸಿಕ್ಕ ವಾರಾಂತ್ಯದಲ್ಲಿ ಹೊರಟ ನಮಗೆ ಏಳು ಗಂಟೆ ಹಿಡಿಯಿತು. 1370 ಮೀಟರ್ ಎತ್ತರದ ಬ್ರೆನ್ನರ್ ಬಳಿ ಅಪ್ಪ ಕಿಟಕಿಯಿಂದ ಕತ್ತು ಹೊರಹಾಕಿ ಗೇಟು ಎಲ್ಲಿ, ಪಹರೆಯವರು ಎಲ್ಲಿ ಎಂದು ನೋಡುತ್ತಲೇ ಇದ್ದರು. ಏನೂ ಇರಲಿಲ್ಲ, ಒಂದು ಫಲಕ ಬಂತು, ಹೋಯಿತು. ಆದರೆ ಅಲ್ಲಿಂದ ಮುಂದೆ ಊರೂರಿಗೂ ಎರಡೆರಡು ಹೆಸರುಗಳು ಆರಂಭವಾದವು. ದೊಬ್ಬಿಯಾಕೊ ಎಂದರೂ ಅದೇ, ಟೋಬ್ಲಾಖ್ ಎಂದರೂ ಅದೇ. ಮೊದಲ ಮಹಾಯುದ್ಧದವರೆಗೆ ಈ ಸೀಮೆ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದ ಟಿರೋಲ್ ಪ್ರಾಂತಕ್ಕೆ ಸೇರಿತ್ತು. ಯುದ್ಧ ಮುಗಿದ ಮೇಲೆ, 1919ರ ಒಪ್ಪಂದದಲ್ಲಿ, ಗಡಿಯನ್ನು ಬ್ರೆನ್ನರಿಗೆ ಸರಿಸಿ ದಕ್ಷಿಣದ ಭಾಗವನ್ನು ಇಟಲಿಗೆ ಕೊಟ್ಟರು. ಜನ ಇದ್ದಲ್ಲೇ ಇದ್ದರು, ದೇಶ ಬದಲಾಯಿತು. ಇಂದಿಗೂ ಇಲ್ಲಿನ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಜರ್ಮನ್. ಒಳಗಿನ ಕೆಲವು ಕಣಿವೆಗಳಲ್ಲಿ ಇವೆರಡಕ್ಕೂ ಸೇರದ ಲದೀನ್ ಎಂಬ ಮೂರನೆಯ ನುಡಿಯೂ ಉಳಿದುಕೊಂಡಿದೆ. ನಿಪ್ಪಾಣಿಯ ಕಡೆಗೋ ಕಾಸರಗೋಡಿನ ಕಡೆಗೋ ಬಸ್ಸಿನಲ್ಲಿ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಮಾತ್ರ, ಗಡಿ ಸರಿಸಿದವರು ಕಲ್ಲು ನೆಟ್ಟರೋ ಇಲ್ಲವೋ ಎಂದಷ್ಟೇ ಕೇಳಿದರು.

ಮೊದಲ ಎರಡು ದಿನಗಳ ಬಗ್ಗೆ ಹೆಚ್ಚು ಬರೆಯುವುದಕ್ಕಿಲ್ಲ. ಬ್ರಾಯೆಸ್ ಸರೋವರಕ್ಕೆ ಹೋದೆವು. ನೀರು ಚಿತ್ರಗಳಲ್ಲಿ ಇರುವಷ್ಟೇ ಹಸಿರಾಗಿತ್ತು, ದಡದಲ್ಲಿ ಚಿತ್ರ ತೆಗೆಯುವವರು ನವರಾತ್ರಿಯ ಅರಮನೆ ಮುಂದೆ ಸೇರಿದಷ್ಟು ಇದ್ದರು. ನಮ್ಮೆಲ್ಲರ ಮನಸ್ಸಿದ್ದುದು ಮೂರನೆಯ ದಿನದ ಮೇಲೆ, ತ್ರೆ ಚಿಮೆ ದಿ ಲವರೇದೊ ಎಂಬ ಮೂರು ಶಿಖರಗಳ ಮೇಲೆ.

ಇವುಗಳಲ್ಲಿ ನಡುವಿನ ದೊಡ್ಡದು 2999 ಮೀಟರ್. ಮೂರು ಸಾವಿರಕ್ಕೆ ಒಂದೇ ಒಂದು ಮೀಟರ್ ಕಡಿಮೆ ಇರುವ ಆ ಸಂಖ್ಯೆಯನ್ನು ಕೇಳಿ ಅಪ್ಪ, ಇಲ್ಲಿಯ ಸರ್ವೇಯರ್ ಪ್ರಾಮಾಣಿಕ ಮನುಷ್ಯ ಎಂದು ತೀರ್ಪು ಕೊಟ್ಟರು. 1869ರ ಆಗಸ್ಟ್‌ನಲ್ಲಿ ವಿಯೆನ್ನಾದ ಪಾಲ್ ಗ್ರೋಮನ್, ಫ್ರಾನ್ಸ್ ಇನ್ನರ್‌ಕೋಫ್ಲರ್ ಮತ್ತು ಪೀಟರ್ ಸಾಲ್ಕರ್ ಎಂಬ ಇಬ್ಬರು ಮಾರ್ಗದರ್ಶಿಗಳ ಜೊತೆ ಅದನ್ನು ಮೊದಲ ಬಾರಿಗೆ ಏರಿದ. ಅವರು ಹತ್ತಿದ್ದು ದಕ್ಷಿಣದ ಕಡೆಯಿಂದ. ನೇರ ಗೋಡೆಯಂತಿರುವ ಉತ್ತರದ ಮುಖವನ್ನು ಎಮಿಲಿಯೊ ಕೊಮಿಚಿ ಮತ್ತು ದಿಮಾಯ್ ಸಹೋದರರು ಏರಲು 1933 ಬರಬೇಕಾಯಿತು. ಇನ್ನರ್‌ಕೋಫ್ಲರ್ ಎಂಬ ಮನೆತನದ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ. ಅದು ಈ ಬೆಟ್ಟಗಳಲ್ಲಿ ಮತ್ತೆ ಬರುತ್ತದೆ.

ದೊಬ್ಬಿಯಾಕೊದಿಂದ, ಮೊದಲೇ ಆಸನ ಕಾದಿರಿಸಬೇಕಾದ ಬಸ್ಸು 2320 ಮೀಟರ್ ಎತ್ತರದ ಔರೋಂತ್ಸೊ ತಂಗುಮನೆಯ ಅಂಗಳಕ್ಕೇ ತಂದು ಇಳಿಸುತ್ತದೆ. ಮುಳ್ಳಯ್ಯನಗಿರಿಯ ತುದಿಗಿಂತ ನಾಲ್ಕುನೂರು ಮೀಟರ್ ಮೇಲಿನ ಜಾಗಕ್ಕೆ ಬಸ್ಸಿನಲ್ಲಿ ಕುಳಿತು ಬಂದ ಅಮ್ಮನಿಗೆ ಇದು ಮೋಸದಂತೆ ಕಂಡಿತು. ಮಂಡಿನೋವಿನ ದೆಸೆಯಿಂದ ಆ ಮೋಸವನ್ನು ಒಪ್ಪಿಕೊಂಡರು. ಅಲ್ಲಿಂದ ಲವರೇದೊ ತಂಗುಮನೆಯವರೆಗೆ ಅರ್ಧ ಗಂಟೆಯ ದಾರಿ ಅಗಲವಾದ ಜಲ್ಲಿರಸ್ತೆ, ಹೆಚ್ಚುಕಡಿಮೆ ಸಮತಟ್ಟು. ಶಿಖರಗಳ ದಕ್ಷಿಣದ ಬೆನ್ನಿಗೇ ಅಂಟಿಕೊಂಡು ನಡೆಯುತ್ತಿದ್ದರೂ ಅವು ಏನೆಂದು ಇಲ್ಲಿಂದ ಗೊತ್ತಾಗುವುದಿಲ್ಲ, ಆನೆಯ ಪಕ್ಕದಲ್ಲೇ ನಿಂತವನಿಗೆ ಬರೀ ಚರ್ಮ ಕಂಡ ಹಾಗೆ. ಅಮ್ಮ ದಾರಿಬದಿಯ ಪುಟ್ಟ ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೆ ಕುಳಿತು ಕೋಡುಬಳೆಯ ಡಬ್ಬ ತೆರೆದರು. ಊಟವಾದ ಮೇಲೆ ನನ್ನ ಗಂಡ ಅಮ್ಮನನ್ನೂ ಮಗನನ್ನೂ ಕರೆದುಕೊಂಡು ಬಸ್ಸಿಗೆ ಹಿಂದಿರುಗುವುದು, ಅಪ್ಪ, ಮಗಳು ಮತ್ತು ನಾನು ಕಣಿವೆಕಂಡಿ ದಾಟಿ ಲೊಕಾತೆಲ್ಲಿ ತಂಗುಮನೆಯಲ್ಲಿ ಆ ರಾತ್ರಿ ಉಳಿಯುವುದು, ಮರುದಿನ ಬೆಳಿಗ್ಗೆ ನಾನು ಮತ್ತು ಮಗಳು ಪತೆರ್ನೊ ಹತ್ತುವುದು, ಅಪ್ಪ ಕೆಳಗೆ ಕಾಯುವುದು: ಇದು ನಾನು ಮೂರು ತಿಂಗಳ ಮೊದಲೇ ಬರೆದಿಟ್ಟುಕೊಂಡಿದ್ದ ಯೋಜನೆ.

ಯೋಜನೆಯಲ್ಲಿ ಇಲ್ಲದೆ ಇದ್ದದ್ದು ಅಪ್ಪನ ಷೂ. ಹದಿನಾಲ್ಕು ವರ್ಷಗಳ ಹಿಂದೆ ಯಾವುದೋ ಯಾತ್ರೆಗೆಂದು ಕೊಂಡ ಚಾರಣದ ಷೂಗಳನ್ನು ಅವರು ಎರಡೇ ಸಲ ಹಾಕಿ, ಪಾಲಿಷ್ ಮಾಡಿ, ಡಬ್ಬದಲ್ಲಿಟ್ಟು ಜೋಪಾನ ಮಾಡಿದ್ದರು. ಹೊಸದು ಕೊಡಿಸುತ್ತೇನೆಂದರೆ, ಹೊಸದೇ ಇದೆಯಲ್ಲ ಎಂದಿದ್ದರು. ಲವರೇದೊ ಕಂಡಿಗೆ ಇನ್ನು ನೂರು ಹೆಜ್ಜೆ ಇರುವಾಗ ಬಲಗಾಲಿನ ಅಟ್ಟೆ ಹಿಮ್ಮಡಿಯ ಕಡೆಯಿಂದ ಬಾಯಿ ಬಿಟ್ಟಿತು. ನಾಲ್ಕು ಹೆಜ್ಜೆ ಪಟಪಟ ಎಂದಿತು, ಐದನೆಯ ಹೆಜ್ಜೆಗೆ ಪೂರ್ತಿ ಕಳಚಿಕೊಂಡು ಜಲ್ಲಿಯ ಮೇಲೆ ಮೀನಿನಂತೆ ಬಿದ್ದುಕೊಂಡಿತು. ಎತ್ತಿ ನೋಡಿದರೆ ಅಟ್ಟೆಗೂ ಚರ್ಮಕ್ಕೂ ನಡುವಿನ ಪದರ ಹಳೆಯ ಬೆಲ್ಲದ ಹಾಗೆ ಪುಡಿಪುಡಿಯಾಗಿ ಬೆರಳಿಗೆ ಅಂಟುತ್ತಿತ್ತು. ಆ ಪದರ ಪಾಲಿಯುರೆಥೇನ್ ಎಂಬ ನೊರೆಯಂಥ ವಸ್ತು. ಗಾಳಿಯ ತೇವಾಂಶ ಅದರೊಳಗೆ ಸೇರಿ ವರ್ಷ ಕಳೆದಂತೆ ಅದರ ಕಟ್ಟನ್ನು ಸಡಿಲಗೊಳಿಸುತ್ತದೆ. ಆಗಾಗ ಹಾಕಿಕೊಂಡು ನಡೆಯುತ್ತಿದ್ದರೆ ಹೆಚ್ಚು ಕಾಲ ಬಾಳುತ್ತದೆ, ಡಬ್ಬದಲ್ಲಿಟ್ಟರೆ ಬೇಗ ಸಾಯುತ್ತದೆ. ನಾನು ಇದನ್ನೆಲ್ಲ ವಿವರಿಸಿದ ಮೇಲೆ ಅಪ್ಪ ಅಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತ, “ಹಾಗಾದರೆ ಜೋಪಾನ ಮಾಡಿದ್ದೇ ತಪ್ಪಾಯಿತು” ಎಂದರು.

ಮಗಳು ತಲೆಯ ರಬ್ಬರ್ ಬ್ಯಾಂಡುಗಳನ್ನು ಬಿಚ್ಚಿಕೊಟ್ಟಳು, ನಾನು ಔಷಧಿ ಚೀಲದಿಂದ ಅಂಟುಪಟ್ಟಿ ತೆಗೆದೆ. ಮೂವರೂ ದಾರಿಯ ಮಧ್ಯೆ ಕುಳಿತು ಕರು ಕಟ್ಟುವಂತೆ ಷೂವನ್ನು ಸುತ್ತಿ ಸುತ್ತಿ ಕಟ್ಟಿದೆವು. ಆ ಕೆಲಸದಲ್ಲಿ ಎಷ್ಟು ಮುಳುಗಿದ್ದೆವೆಂದರೆ, ಕುಂಟುತ್ತ 2454 ಮೀಟರಿನ ಕಂಡಿಯನ್ನು ತಲುಪಿ ತಲೆ ಎತ್ತಿದಾಗ ಮೂರು ಗೋಡೆಗಳೂ ಒಟ್ಟಿಗೆ ಮೈಮೇಲೆ ಬಂದಂತಾಯಿತು. ಅದುವರೆಗೆ ಗುಡ್ಡದಂತೆ ಇದ್ದದ್ದು ಇಲ್ಲಿಂದ ಕೊಯ್ದಿಟ್ಟ ಹಾಗೆ ಕಾಣುತ್ತದೆ. ಬೂದು, ಹಳದಿ, ಅಲ್ಲಲ್ಲಿ ನೀರು ಇಳಿದ ಕಪ್ಪು ಪಟ್ಟೆ. ಉತ್ತರದ ನೆರಳಲ್ಲಿ ನಿಂತ ಆ ಗೋಡೆಗಳಿಂದ ಜುಲೈನಲ್ಲೂ ತಣ್ಣನೆಯ ಗಾಳಿ ಇಳಿದು ಬರುತ್ತಿತ್ತು. ಅಪ್ಪ ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಡೊಲೊಮೈಟ್ ಎಂದರೆ ಹವಳದ ದಿಬ್ಬಗಳು ಎದ್ದು ಬೆಟ್ಟವಾದದ್ದು ಎಂದು ಪ್ರವಾಸಿ ಪುಸ್ತಕಗಳೆಲ್ಲ ಬರೆಯುತ್ತವೆ. ಈ ಸೀಮೆಯ ಕೆಲವು ಬೆಟ್ಟಗಳ ಮಟ್ಟಿಗೆ ಅದು ನಿಜ. ಈ ಮೂರು ಶಿಖರಗಳದ್ದು ಬೇರೆ ಕಥೆ. ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ, ಟೆಥಿಸ್ ಸಮುದ್ರದಂಚಿನಲ್ಲಿ ಉಬ್ಬರದ ನೀರು ಬಂದು ಹೋಗುವ ವಿಸ್ತಾರವಾದ ಬಯಲೊಂದಿತ್ತು. ಅದರ ಸುಣ್ಣದ ಕೆಸರು ಪದರ ಪದರವಾಗಿ ಕೂತು ಆದ ಕಲ್ಲು ಇದು. ಗೋಡೆಯನ್ನು ಗಮನಿಸಿ ನೋಡಿದರೆ ಪುಸ್ತಕದ ಹಾಳೆಗಳಂತೆ ಅಡ್ಡಗೆರೆಗಳು ಕಾಣುತ್ತವೆ. ದಿಯೊದಾ ದ ದೊಲೊಮ್ಯೂ ಎಂಬ ಫ್ರೆಂಚ್ ವಿಜ್ಞಾನಿ, ಸುಣ್ಣಕಲ್ಲಿನಂತೆ ಕಂಡರೂ ಆಮ್ಲ ಹನಿಸಿದಾಗ ಅದರಂತೆ ಭರ್ರೆಂದು ನೊರೆ ಉಕ್ಕಿಸದ ಈ ಕಲ್ಲಿನ ಬಗ್ಗೆ 1791ರಲ್ಲಿ ಬರೆದ. ಕಲ್ಲಿಗೂ ಆಮೇಲೆ ಬೆಟ್ಟಗಳಿಗೂ ಅವನ ಹೆಸರೇ ನಿಂತಿತು. ಅದರಲ್ಲಿ ಕ್ಯಾಲ್ಸಿಯಮ್ ಜೊತೆ ಮೆಗ್ನೀಸಿಯಮ್ ಕೂಡ ಸೇರಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ನಮ್ಮ ಮಲೆನಾಡಿನ ಕಲ್ಲು 250 ಕೋಟಿ ವರ್ಷ ದಾಟಿದ್ದು, ಇದು ಅದರ ಮುಂದೆ ಮೊಮ್ಮಗು ಎಂದು ನಾನು ಹೇಳಿದಾಗ ಅಪ್ಪನಿಗೆ ಸಮಾಧಾನವಾಯಿತು.

ಕಂಡಿಯ ಆಚೆ ಫಲಕಗಳ ಭಾಷೆ ಬದಲಾಯಿತು. ಇದುವರೆಗೆ ಇಟಾಲಿಯನ್ ಮಾತ್ರ ಇದ್ದ ಬಾಣದ ಹಲಗೆಗಳಲ್ಲಿ ಈಗ ಜರ್ಮನ್ ಕೂಡ ಸೇರಿಕೊಂಡಿತು. ಬೆನ್ನ ಹಿಂದೆ ವೆನೆತೊ ಪ್ರಾಂತ, ಮುಂದೆ ದಕ್ಷಿಣ ಟಿರೋಲ್. 1915ರಲ್ಲಿ ಇಟಲಿ ಮತ್ತು ಆಸ್ಟ್ರಿಯಾಗಳ ಗಡಿ ಹಾದುಹೋಗಿದ್ದದ್ದು ಇಲ್ಲಿಯೇ. ಕೆಂಪು-ಬಿಳಿ-ಕೆಂಪು ಪಟ್ಟಿಯ ಮೇಲೆ ದಾರಿಯ ಸಂಖ್ಯೆ ಬರೆದ ಬಂಡೆಗಳನ್ನು ಅಪ್ಪ ಒಂದೊಂದಾಗಿ ಮುಟ್ಟಿಕೊಂಡು ಬಂದರು. ಸರ್ಕಾರದವರು ಬರೆದದ್ದೇ ಎಂದು ಕೇಳಿದರು. ಹೆಚ್ಚಿನ ಕಡೆ ಇದನ್ನು ನೋಡಿಕೊಳ್ಳುವುದು 1863ರಲ್ಲಿ ಆರಂಭವಾದ ಇಟಲಿಯ ಆಲ್ಪೈನ್ ಕ್ಲಬ್ಬಿನಂಥ ಪರ್ವತಾರೋಹಿ ಸಂಘಗಳ ಸದಸ್ಯರು, ತಮ್ಮ ರಜಾದಿನಗಳಲ್ಲಿ ಡಬ್ಬ ಬ್ರಷ್ ಹಿಡಿದು ಬರುತ್ತಾರೆ ಎಂದೆ. ಸಂಬಳವಿಲ್ಲದೆ ಇಷ್ಟು ನೇರವಾಗಿ ಗೆರೆ ಎಳೆಯುತ್ತಾರಾ ಎಂದು ಅವರು ನಂಬಲಿಲ್ಲ.

ಲೊಕಾತೆಲ್ಲಿ ತಂಗುಮನೆ 2405 ಮೀಟರ್ ಎತ್ತರದಲ್ಲಿ, ಮೂರು ಶಿಖರಗಳಿಗೆ ನೇರ ಎದುರಾಗಿ ಕೂತಿದೆ. ಕುಮಾರ ಪರ್ವತ ಹತ್ತುವ ನಮ್ಮವರಿಗೆ ದಾರಿಯ ನಡುವಿನ ಭಟ್ಟರ ಮನೆಯ ಊಟದ ರುಚಿ ಗೊತ್ತಿದೆ. ಆಲ್ಪ್ಸ್‌ನಲ್ಲಿ ಅಂಥ ಆಸರೆ ಒಂದು ವ್ಯವಸ್ಥೆಯಾಗಿ ಬೆಳೆದುಬಿಟ್ಟಿದೆ. ಬಾಗಿಲಲ್ಲೇ ಷೂ ಬಿಚ್ಚಿಟ್ಟು ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕೆಂಬ ನಿಯಮ ಅಪ್ಪನಿಗೆ ಬಹಳ ಹಿಡಿಸಿತು. ಮಲಗಲು ಸಾಲು ಹಾಸಿಗೆ. ಕಂಬಳಿ ಅವರದು, ಅದರೊಳಗೆ ತೂರಿಕೊಳ್ಳುವ ಬಟ್ಟೆಯ ಚೀಲ ನಮ್ಮದು. ಹತ್ತು ಗಂಟೆಗೆ ದೀಪ ಆರುತ್ತದೆ. ನೀರಿನ ಬಗ್ಗೆ ಮಾತ್ರ ಅಪ್ಪ ತಲೆ ಕೆಡಿಸಿಕೊಂಡರು. ಸುತ್ತ ಅಷ್ಟು ಬೆಟ್ಟವಿದ್ದೂ ನಲ್ಲಿಯ ಮೇಲೆ ಕುಡಿಯಬೇಡಿ ಎಂದು ಬರೆದಿತ್ತು, ಕುಡಿಯುವ ನೀರನ್ನು ಬಾಟಲಿಯಲ್ಲಿ ಕೊಳ್ಳಬೇಕಿತ್ತು. ಈ ಕಲ್ಲು ಬಿರುಕು ಬಿರುಕಾದದ್ದು, ಬಿದ್ದ ಮಳೆ ಮೇಲೆ ನಿಲ್ಲದೆ ಒಳಗಿಳಿದು ಎಲ್ಲೋ ಕಣಿವೆಯ ಬುಡದಲ್ಲಿ ಹೊರಡುತ್ತದೆ. ಹಾಗಾಗಿ ಮೇಲಿನ ಮನೆಗಳಿಗೆ ನೀರೇ ದೊಡ್ಡ ಪಾಡು.

ಊಟಕ್ಕೆ ಪಾಲಕ್ ಸೇರಿಸಿದ ಬ್ರೆಡ್ಡಿನ ಉಂಡೆಗಳು ಮತ್ತು ಪೊಲೆಂತಾ ಬಂದವು. ಇವೆರಡರಲ್ಲೂ ಹಂದಿಮಾಂಸದ ಚೂರು ಇರುವ ಬಗೆಯೂ ಉಂಟು, ಕೇಳಿಯೇ ತೆಗೆದುಕೊಳ್ಳಬೇಕು. ಪೊಲೆಂತಾ ಎಂದರೆ ಮೆಕ್ಕೆಜೋಳದ ಹಿಟ್ಟನ್ನು ನೀರಿನಲ್ಲಿ ಕುದಿಸಿ ತಿರುವಿದ ಮುದ್ದೆ, ಬೇರೆ ಮಾತಿಲ್ಲ. ಜೊತೆಗೆ ಅಣಬೆ ಮತ್ತು ಗಿಣ್ಣಿನಂಥ ಚೀಸ್. ತಿಪಟೂರಿನ ಮನುಷ್ಯ ಅದನ್ನು ಮುರಿದು, ಉಂಡೆ ಮಾಡಿ, ಅಮ್ಮ ಪೊಟ್ಟಣ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯಲ್ಲಿ ಹೊರಳಿಸಿ ನುಂಗಿದರು. ಎದುರಿಗೆ ಕೂತಿದ್ದ ಇಬ್ಬರು ಇಟಾಲಿಯನ್ ಹುಡುಗರು ಪುಡಿಯನ್ನು ಬೆರಳ ತುದಿಯಲ್ಲಿ ನೆಕ್ಕಿ, ಕಣ್ಣಲ್ಲಿ ನೀರು ತಂದುಕೊಂಡು, ಮತ್ತಷ್ಟು ಕೇಳಿದರು.

ಎಂಟೂವರೆಯ ಹೊತ್ತಿಗೆ ಎಲ್ಲರೂ ಊಟ ಬಿಟ್ಟು ಹೊರಗೆ ಬಂದರು. ಸುತ್ತಲಿನ ಬಂಡೆಗಳು ಮೊದಲು ಕಿತ್ತಳೆ, ಆಮೇಲೆ ಗುಲಾಬಿ, ಕೊನೆಗೆ ನೇರಳೆಯಾದವು. ಈ ಬಣ್ಣ ತಿರುಗುವ ಹೊತ್ತಿಗೆ ಲದೀನ್ ನುಡಿಯಲ್ಲಿ ಎನ್ರೊಸಾದೀರಾ ಎಂಬ ಹೆಸರಿದೆ. ಇಲ್ಲಿಂದ ಪಶ್ಚಿಮಕ್ಕಿರುವ ಇನ್ನೊಂದು ಬೆಟ್ಟಸಾಲಿನ ಮೇಲೆ ಇದಕ್ಕೊಂದು ಕಥೆ ಹೇಳುತ್ತಾರೆ. ಲೌರಿನ್ ಎಂಬ ಕುಬ್ಜರ ರಾಜನಿಗೊಂದು ಗುಲಾಬಿ ತೋಟವಿತ್ತು. ಅದರಿಂದಾಗಿ ಶತ್ರುಗಳು ತನ್ನನ್ನು ಪತ್ತೆಹಚ್ಚಿದರೆಂಬ ಸಿಟ್ಟಿಗೆ ಅವನು, ಇನ್ನು ಮುಂದೆ ಈ ಗುಲಾಬಿಗಳು ಹಗಲಲ್ಲೂ ಕಾಣದಿರಲಿ, ರಾತ್ರಿಯಲ್ಲೂ ಕಾಣದಿರಲಿ ಎಂದು ಶಪಿಸಿದ. ಮುಸ್ಸಂಜೆಯನ್ನು ಹೇಳಲು ಮರೆತ. ಕಥೆ ಅರ್ಧ ಆಗುವಷ್ಟರಲ್ಲೇ ಅಪ್ಪ ನಕ್ಕರು. “ಹಿರಣ್ಯಕಶಿಪುವಿನ ವರದಲ್ಲಿ ಬಿಟ್ಟುಹೋಗಿದ್ದೂ ಅದೇ ಸಮಯ” ಎಂದು ಮೊಮ್ಮಗಳಿಗೆ ಹೊಸ್ತಿಲು, ತೊಡೆ, ಉಗುರು ಎಲ್ಲವನ್ನೂ ವಿವರಿಸತೊಡಗಿದರು. ಕತ್ತಲಾಗುವವರೆಗೆ ಅದೇ ನಡೆಯಿತು.

ಇನ್ನು ಪತೆರ್ನೊ. ತಂಗುಮನೆಯ ಪಕ್ಕದಲ್ಲೇ ಎದ್ದಿರುವ 2744 ಮೀಟರ್ ಎತ್ತರದ ಈ ಶಿಖರಕ್ಕೆ ಪಾಟರ್ನ್‌ಕೋಫೆಲ್ ಎಂಬ ಜರ್ಮನ್ ಹೆಸರೂ ಇದೆ. 1915ರ ಮೇ ತಿಂಗಳಲ್ಲಿ ಇಟಲಿ ಯುದ್ಧಕ್ಕಿಳಿದಾಗ ಈ ತಂಗುಮನೆಯನ್ನು ನಡೆಸುತ್ತಿದ್ದವನು ಜೆಪ್ ಇನ್ನರ್‌ಕೋಫ್ಲರ್, ಕೆಳಗಿನ ಸೆಸ್ತೊ ಊರಿನ ಆ ಹಳೆಯ ಮಾರ್ಗದರ್ಶಿ ಮನೆತನದವನು. ಯುದ್ಧದ ಮೊದಲ ದಿನಗಳಲ್ಲೇ ಅವನ ಮನೆ ಫಿರಂಗಿಗೆ ಸಿಕ್ಕಿ ಉರಿದುಹೋಯಿತು. ಪತೆರ್ನೊ ತುದಿಯಲ್ಲಿ ಇಟಲಿಯ ಆಲ್ಪೀನಿ ಪಡೆಯವರು ಕಾವಲು ಕೂತರು. ಜುಲೈ 4ರ ನಸುಕಿನಲ್ಲಿ, ಐವತ್ತರ ಹೊಸ್ತಿಲಲ್ಲಿದ್ದ ಜೆಪ್, ತಾನು ಅಂಗೈಯಂತೆ ಬಲ್ಲ ಆ ಬಂಡೆಯನ್ನು ಕೆಲವೇ ಜನರ ಜೊತೆ ಏರಿ ಹೋಗಿ ತುದಿಯ ಕೆಳಗೇ ಸತ್ತ. ಮೇಲಿದ್ದ ಪಿಯೆರೊ ದೆ ಲೂಕಾ ಎಂಬ ಸೈನಿಕ ಎತ್ತಿ ಹಾಕಿದ ಕಲ್ಲಿನಿಂದ ಸತ್ತ ಎಂಬುದು ಜನ ಹೇಳುವ ಕಥೆ. ಗುಂಡೇಟಿನಿಂದ ಎಂದು ವಾದಿಸುವವರೂ ಇದ್ದಾರೆ. ಅವನನ್ನು ಗೌರವದಿಂದ ಶಿಖರದ ಮೇಲೆಯೇ ಮಣ್ಣು ಮಾಡಿದವರು ಎದುರಾಳಿಗಳಾದ ಇಟಲಿಯವರೇ. ಇಂದು ಆ ಶಿಖರಕ್ಕೆ ಹೋಗುವ ಉಕ್ಕಿನ ಹಗ್ಗದ ಹಾದಿಯ ಹೆಸರು ದೆ ಲೂಕಾ-ಇನ್ನರ್‌ಕೋಫ್ಲರ್. ಕಲ್ಲು ಎತ್ತಿ ಹಾಕಿದನೆನ್ನಲಾದವನ ಹೆಸರು ಮುಂದೆ, ಸತ್ತವನ ಹೆಸರು ಹಿಂದೆ, ನಡುವೆ ಒಂದು ಅಡ್ಡಗೆರೆ. ತಂಗುಮನೆಯ ಪೂರ್ಣ ಹೆಸರಿನಲ್ಲಿಯೂ ಇಟಲಿಯ ವಿಮಾನಚಾಲಕ ಅಂತೋನಿಯೊ ಲೊಕಾತೆಲ್ಲಿಯ ಜೊತೆ ಇನ್ನರ್‌ಕೋಫ್ಲರ್ ಇದ್ದಾನೆ. ಕೇಳಿದ ಅಪ್ಪ, “ಜಂಟಿ ಖಾತೆ” ಎಂದರು.

ಇಂಥ ಹಾದಿಯನ್ನು ವಿಯಾ ಫೆರಾತಾ, ಅಂದರೆ ಕಬ್ಬಿಣದ ದಾರಿ ಎನ್ನುತ್ತಾರೆ. ಬಂಡೆಗೆ ಉದ್ದಕ್ಕೂ ಉಕ್ಕಿನ ಹಗ್ಗ ಬಿಗಿದಿರುತ್ತದೆ. ಸೊಂಟದ ಪಟ್ಟಿಯಿಂದ ಹೊರಟ ಎರಡು ತುಂಡುಹಗ್ಗಗಳ ತುದಿಯಲ್ಲಿ ಎರಡು ಕೊಕ್ಕೆಗಳು. ಹಗ್ಗದ ಮೊಳೆ ಬಂದಾಗ ಒಂದನ್ನು ಬಿಚ್ಚಿ ಆಚೆ ಸಿಕ್ಕಿಸಿ, ಆಮೇಲೆ ಇನ್ನೊಂದನ್ನು ದಾಟಿಸಬೇಕು. ಯಾವ ಕ್ಷಣದಲ್ಲೂ ಒಂದಾದರೂ ಹಗ್ಗದಲ್ಲಿರಬೇಕು. ಎರಡು ಮೊಳೆಗಳ ನಡುವೆ ಬಿದ್ದರೆ ದೇಹ ಕೆಳಗಿನ ಮೊಳೆಯವರೆಗೂ ಜಾರಿ ಥಟ್ಟನೆ ನಿಲ್ಲುವುದರಿಂದ, ಮಾಮೂಲಿ ಹಗ್ಗ ಆ ಹೊಡೆತಕ್ಕೆ ಹರಿಯಬಹುದು, ಇಲ್ಲವೇ ಬೆನ್ನು ಮುರಿಯಬಹುದು. ಅದಕ್ಕಾಗಿ ನಡುವೆ ಮಡಿಚಿ ಹೊಲಿದ ಪಟ್ಟಿಯೊಂದಿರುತ್ತದೆ. ಆ ಹೊಲಿಗೆ ಹಂತಹಂತವಾಗಿ ಬಿಚ್ಚಿಕೊಳ್ಳುತ್ತ ಹೊಡೆತವನ್ನು ತಾನು ನುಂಗುತ್ತದೆ. ಮ್ಯೂನಿಕ್‌ನ ಪರ್ವತಾರೋಹಣ ಸಂಘದಲ್ಲಿ ನಾನೂ ಮಗಳೂ ವಸಂತದಿಂದ ಇದನ್ನು ಕಲಿತಿದ್ದೆವು. ಅವಳು ನನಗಿಂತ ಚೆನ್ನಾಗಿ ಕಲಿತಿದ್ದಳು.

ಏಳಕ್ಕೆ ಹೊರಟೆವು. ಇಟಲಿಯ ಸೈನಿಕರು ಬಂಡೆಯೊಳಗೆ ಕೊರೆದ ಸುರಂಗದ ಬಾಯಿ ಸ್ವಲ್ಪ ದೂರದಲ್ಲೇ ಇದೆ. ಹಣೆಯ ದೀಪ ಹಚ್ಚಿ ಒಳಹೊಕ್ಕರೆ ಎತ್ತರ ತಗ್ಗಾದ ಮೆಟ್ಟಿಲುಗಳು, ಚಾವಣಿಯಿಂದ ತೊಟ್ಟಿಕ್ಕುವ ನೀರು, ತಲೆ ಎತ್ತಿದರೆ ಶಿರಸ್ತ್ರಾಣಕ್ಕೆ ಠಣ್ಣೆಂದು ಬಡಿಯುವ ಕಲ್ಲು. ಗೋಡೆಯಲ್ಲಿ ಉಳಿಯ ಗೆರೆಗಳನ್ನು ಬೆರಳಿಂದ ಎಣಿಸಬಹುದಿತ್ತು. ಅಲ್ಲಲ್ಲಿ ಕೊರೆದ ಕಿಟಕಿಗಳಿಂದ ಬೆಳಕು ಬೀಳುತ್ತದೆ, ಆ ಚೌಕಟ್ಟುಗಳಲ್ಲಿ ಮೂರು ಶಿಖರಗಳು ಚಿತ್ರದಂತೆ ಕಾಣುತ್ತವೆ. ಎಲ್ಲರೂ ಅಲ್ಲಿ ಫೋಟೊ ತೆಗೆದುಕೊಳ್ಳುತ್ತಾರೆ, ನಾವೂ ತೆಗೆದುಕೊಂಡೆವು. ಕಿಟಕಿಗಳು ಇಷ್ಟು ಕಿರಿದಾಗಿ ಯಾಕಿವೆ ಎಂದು ಮಗಳು ಕೇಳಿದಳು. ಬಂದೂಕಿಗೆ ಅಷ್ಟು ಸಾಕಿತ್ತು ಎಂದೆ. ಅವಳು ಫೋಟೊ ತೆಗೆಯುವುದನ್ನು ನಿಲ್ಲಿಸಿದಳು.

ಸುರಂಗದಾಚೆ ಕಡಿದಾದ ಕೊರಕಲು. ಕ್ಲಿಕ್, ಕ್ಲಿಕ್ ಎಂದು ಕೊಕ್ಕೆ ದಾಟಿಸುತ್ತ ಅವಳು ಮುಂದೆ, ನಾನು ಹಿಂದೆ. ಒಂದೂ ತಪ್ಪಿಲ್ಲ. ಹತ್ತೂವರೆಗೆ ಮೇಲಿನ ಕಿರಿದಾದ ಕಂಡಿಗೆ ತಲುಪಿದೆವು. ಅಲ್ಲಿಂದ ತುದಿಯವರೆಗಿನದು ಕೊನೆಯ ಭಾಗ, ಎದ್ದು ನಿಂತ ಬಂಡೆಯ ಮುಖದ ಮೇಲೆ. ಅವಳ ಕೈಗಡಿಯಾರ 2653 ಎಂದು ತೋರಿಸುತ್ತಿತ್ತು. ನೀರು ಕುಡಿದಳು, ಮೇಲೆ ನೋಡಿದಳು, ಆಚೆಯ ಪ್ರಪಾತವನ್ನು ನೋಡಿದಳು. ಆಮೇಲೆ ಸಹಜವಾದ ದನಿಯಲ್ಲಿ, “ಅಮ್ಮಾ, ನನ್ನ ಕೈಕಾಲು ನಡುಗುತ್ತಿಲ್ಲ. ಆದರೆ ನನಗೆ ಇಲ್ಲಿಗೆ ಸಾಕು” ಎಂದಳು.

ನಡುಗಿದ್ದರೆ ನನಗೆ ಸುಲಭವಾಗುತ್ತಿತ್ತು. ಹೆದರಿದ ಮಗುವನ್ನು ಹಿಂದಕ್ಕೆ ಕರೆತರಲು ಯಾರೂ ಯೋಚಿಸುವುದಿಲ್ಲ. ಇವಳು ಹೆದರದೆ ಬೇಡ ಎನ್ನುತ್ತಿದ್ದಳು. ನಾನು ಹತ್ತು ನಿಮಿಷ ಮಾತಾಡಿದೆ. ಮೊದಲು ದಾರಿಯ ಬಗ್ಗೆ, ಇದಕ್ಕಿಂತ ಕಷ್ಟದ್ದನ್ನು ದಾಟಿ ಬಂದಿದ್ದೇವೆ ಎಂದು. ಆಮೇಲೆ ನೋಟದ ಬಗ್ಗೆ. ಅದಾದ ಮೇಲೆ, ಬರೆಯಲು ನಾಚಿಕೆಯಾಗುವ ಮಾತು ನನ್ನ ಬಾಯಿಂದ ಬಂತು: ಕೆಳಗೆ ಹೋಗಿ ಅಜ್ಜನಿಗೆ ಏನು ಹೇಳುತ್ತೀ? ಅವಳು ಉತ್ತರ ಕೊಡಲಿಲ್ಲ. ಕೊಕ್ಕೆಯನ್ನು ಬಿಚ್ಚಿ, ಕೆಳಕ್ಕೆ ಹೋಗುವ ಹಗ್ಗಕ್ಕೆ ಸಿಕ್ಕಿಸಿದಳು, ಎರಡನೆಯದನ್ನೂ ಸಿಕ್ಕಿಸಿದಳು, ಎರಡನ್ನೂ ಎಳೆದು ಪರೀಕ್ಷಿಸಿ ನನ್ನ ಮುಖ ನೋಡಿದಳು. ಕಲಿಸಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುವವರ ಮೇಲೆ ಸಿಟ್ಟಾಗುವುದು ಕಷ್ಟ, ಆದರೂ ನಾನು ಸಿಟ್ಟಾಗಿದ್ದೆ. ನಮ್ಮ ಪಕ್ಕದಲ್ಲೇ ಒಬ್ಬ ವೃದ್ಧ ದಂಪತಿ ಶುಭದಿನ ಹೇಳಿ ಮೇಲಕ್ಕೆ ಹೋದರು.

ಇಳಿಯುವಾಗ ಪ್ರತಿ ಕಿಟಕಿಯಲ್ಲೂ ನಾನು ಮೋಡ ಹುಡುಕಿದೆ. ಉಕ್ಕಿನ ಹಗ್ಗ ಮತ್ತು ಸಿಡಿಲು ಸೇರಿದರೆ ಏನಾಗುತ್ತದೆ ಎಂದು ಅವಳಿಗೂ ಗೊತ್ತು. ಒಂದು ಗುಡುಗು ಸಾಕಿತ್ತು, ನೋಡು, ಒಳ್ಳೆಯದೇ ಆಯಿತು ಎಂದು ಬಿಡುತ್ತಿದ್ದೆ. ಹನ್ನೊಂದೂವರೆಗೆ ಪಶ್ಚಿಮದಲ್ಲಿ ಅಂಗೈಯಗಲ ಬೆಳ್ಳನೆಯದೊಂದು ಕಾಣಿಸಿತು. ತಂಗುಮನೆಗೆ ಬರುವಷ್ಟರಲ್ಲಿ ಅದೂ ಕರಗಿತ್ತು.

ಅಪ್ಪ ಹೊರಗಿನ ಬೆಂಚಿನ ಮೇಲೆ, ಅಡುಗೆಮನೆಯವರು ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದುಕೊಟ್ಟ ಷೂ ತೊಟ್ಟು, 1:25,000 ಅಳತೆಯ ನಕ್ಷೆ ಹರಡಿಕೊಂಡು ಕೂತಿದ್ದರು. ನಾವು ಏನೂ ಹೇಳುವ ಮೊದಲೇ ತಮ್ಮ ಬೆಳಗಿನ ಕೆಲಸವನ್ನು ತೋರಿಸಿದರು. ಮೊಮ್ಮಗಳ ಚೀಲದಿಂದ ಅಡಿಪಟ್ಟಿ ತೆಗೆದು, ತೋಳು ನೀಟಿ, ಒಂದು ಕಣ್ಣು ಮುಚ್ಚಿ, ದೊಡ್ಡ ಶಿಖರದ ಗೋಡೆಯನ್ನು ಬುಡದಿಂದ ತುದಿಗೆ ಅಳೆದಿದ್ದರು: ಹದಿನಾರೂವರೆ ಸೆಂಟಿಮೀಟರ್. ಕಣ್ಣಿನಿಂದ ಪಟ್ಟಿಗೆ ಅರವತ್ತು. ನಕ್ಷೆಯ ಪ್ರಕಾರ ಇಲ್ಲಿಂದ ಗೋಡೆಗೆ ಎರಡು ಕಿಲೋಮೀಟರ್. ಭಾಗಿಸಿ ಗುಣಿಸಿದರೆ ಐನೂರೈವತ್ತು ಮೀಟರ್. “ಐವತ್ತನಾಲ್ಕು ಸರಪಳಿ, ಹನ್ನೊಂದಾಣೆ” ಎಂದರು. ಸರಪಳಿ ಎಂದರೇನು ಎಂದು ಮಗಳು ಕೇಳಿದಳು. ಮೂವತ್ತಮೂರು ಅಡಿಗೆ ಒಂದು ಸರಪಳಿ, ಅದರಲ್ಲಿ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ ಎಂದು ಅವರು ಮಗ್ಗಿಯಂತೆ ಒಪ್ಪಿಸಿದರು.

ಆಮೇಲೆ ಅವಳೇ ಹೇಳಿದಳು, ತುದಿಗೆ ಹೋಗಲಿಲ್ಲ ಎಂದು. ನನ್ನ ಕಡೆ ನೋಡದೆ ಹೇಳಿದಳು. ಅಪ್ಪ, ಎಲ್ಲಿಂದ ತಿರುಗಿದೆ ಎಂದಷ್ಟೇ ಕೇಳಿದರು. ಅವಳು ನಕ್ಷೆಯ ಮೇಲೆ ಬೆರಳಿಟ್ಟಳು, ಕೈಗಡಿಯಾರದ ಸಂಖ್ಯೆ ಹೇಳಿದಳು. ಅವರು ಜೇಬಿನಿಂದ ಚಿಕ್ಕ ಡೈರಿ ತೆಗೆದು 2744ರಲ್ಲಿ 2653 ಕಳೆದು, ಅಡಿಗೆ ಪರಿವರ್ತಿಸಿ, ಮೂವತ್ತಮೂರರಿಂದ ಭಾಗಿಸಿದರು. ಒಂಬತ್ತು ಸರಪಳಿ, ಒಂದಾಣೆ. ಅದರ ಕೆಳಗೆ ತಾರೀಖು ಹಾಕಿ, ಹದ್ದುಬಸ್ತಿನ ಕಾಗದಗಳಲ್ಲಿ ಬರೆಯುವ ಅದೇ ದುಂಡಗಿನ ಅಕ್ಷರಗಳಲ್ಲಿ, ಸ್ಥಳದಲ್ಲಿ ಖುದ್ದು ಹಾಜರಿದ್ದವರು ತೋರಿಸಿದ ಪ್ರಕಾರ ಎಲ್ಲೆ ಗುರುತಿಸಲಾಗಿದೆ ಎಂದು ಬರೆದು ಡೈರಿಯನ್ನು ಮೊಮ್ಮಗಳ ಮುಂದಿಟ್ಟರು. ಅವಳು ನಗುತ್ತ, ಅಂಕುಡೊಂಕಾದ ಕನ್ನಡದಲ್ಲಿ ಸಹಿ ಹಾಕಿದಳು.

ಅಪ್ಪ ಡೈರಿಯನ್ನು ನನ್ನ ಕಡೆಗೆ ತಿರುಗಿಸಿ, ಪೆನ್ನನ್ನು ಅದರ ಮೇಲೆ ಅಡ್ಡ ಇಟ್ಟು, “ಬಾಜುದಾರರ ಸಹಿಯೂ ಬೇಕು” ಎಂದರು.

ಹಾಕಿದೆ.